ಅವ್ವನನ್ನು ಎತ್ತಲಾಗದ ದಿನ

ಅವ್ವನ ತೂಕ ಆಗ 46 ಕಿಲೊ. ವಿಜಯಪುರದ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಸುದ್ದಿ ತಿಳಿದ ರಾತ್ರಿಯೇ ಡೊಂಬಿವಲಿಯಿಂದ ಹೊರಟು ಊರು ಸೇರಿದೆ. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಅವಳನ್ನು ಹಾಸಿಗೆಯಿಂದ ಕುರ್ಚಿಗೆ ದಾಟಿಸುವ ಹೊತ್ತು. ಕಂಕುಳಿಗೆ ಕೈ ಹಾಕಿ ಎತ್ತಲು ಹೋದೆ. ಅವ್ವ ಅಲ್ಲಾಡಲಿಲ್ಲ, ನನ್ನ ಬೆನ್ನೇ ಹಿಡಿದುಕೊಂಡಿತು.

'ನಿನ್ನ ಕೈಲೆ ಆಗೂದಿಲ್ಲ ಬಿಡವ್ವಾ, ಮಗ್ಗಲ ಮನಿ ಹುಡುಗ್ರನ್ನ ಕರಿ' ಎಂದಳು. ನೋವಿನಲ್ಲೂ ಅವಳ ದನಿಯಲ್ಲಿ ಇದ್ದದ್ದು ನನ್ನ ಮೇಲಿನ ಮರುಕ. ನನಗಾಗ 48 ವರ್ಷ. ಫೋರ್ಟ್‌ನ ವಿಮಾ ಕಚೇರಿಯೊಂದರ ಕ್ಲೇಮ್ ವಿಭಾಗದಲ್ಲಿ ಕೆಲಸ. ಬಿದ್ದು ಸೊಂಟ ಮುರಿದುಕೊಂಡ ಹಿರಿಯರ ಫೈಲುಗಳಿಗೆ ಎಷ್ಟೋ ವರ್ಷಗಳಿಂದ ಸಹಿ ಹಾಕುತ್ತಲೇ ಬಂದವಳು. ಫೈಲಿನ ಆಚೆಗಿನ ಮನೆ ಹೇಗಿರುತ್ತದೆಂದು ಕಂಡದ್ದು ಅಂದೇ.

ಹೊರಡುವ ಮುನ್ನ ಅವ್ವನ ಡಾಕ್ಟರು ನನ್ನನ್ನೇ ದಿಟ್ಟಿಸಿ, 'ನಿಮ್ಮ ಮೂಳೆಗಳನ್ನೂ ಒಮ್ಮೆ ತೋರಿಸಿಕೊಳ್ಳಿ' ಎಂದರು. ಮುಂಬೈಗೆ ಬಂದು ಡೆಕ್ಸಾ ಸ್ಕ್ಯಾನ್ ಮಾಡಿಸಿದೆ. ಮೂಳೆ ಸಾಂದ್ರತೆ ಇಳಿಯಲು ಶುರುವಾಗಿತ್ತು. ಲೋಕಲ್ ಹಿಡಿಯಲು ಮೆಟ್ಟಿಲು ಹತ್ತಿ ಇಳಿದು, ಮಹಿಳಾ ಬೋಗಿಯಲ್ಲಿ ಗಂಟೆಗಟ್ಟಲೆ ನಿಂತು ಹೋಗುವ ನನ್ನಂಥವಳಿಗೆ ವ್ಯಾಯಾಮ ಬೇರೆ ಬೇಕೇ ಎಂದು ನಂಬಿಕೊಂಡಿದ್ದೆ. ಲೋಕಲ್ ಪ್ರಯಾಣ ದಣಿಸುತ್ತದೆ, ಗಟ್ಟಿ ಮಾಡುವುದಿಲ್ಲ. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ.

ಮೊದಲು ಮನೆ ಹತ್ತಿರದ ದೊಡ್ಡ ಜಿಮ್ಮೊಂದಕ್ಕೆ ವರ್ಷದ ಹಣ ಕಟ್ಟಿದೆ. ಗೋಡೆ ತುಂಬ ಕನ್ನಡಿ, ಕಿವಿ ತುಂಬ ಹಾಡು. ಹುಡುಗನೊಬ್ಬ ಯಂತ್ರ ತೋರಿಸಿ 'ಹದಿನೈದು ಸಲ ಮಾಡಿ ಆಂಟಿ' ಎಂದು ಫೋನಿನಲ್ಲಿ ಮುಳುಗುತ್ತಿದ್ದ. ಎರಡನೇ ತಿಂಗಳಿಗೆ ಹೋಗುವುದನ್ನು ಬಿಟ್ಟೆ. ನಾನು ಬಿಟ್ಟದ್ದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ಅದೇ ಅಲ್ಲಿನ ದೊಡ್ಡ ಕೊರತೆ.

ಈಗ ಹೋಗುತ್ತಿರುವುದು ಪಕ್ಕದ ಹೌಸಿಂಗ್ ಸೊಸೈಟಿಯ ಸಭಾಗೃಹಕ್ಕೆ. ವಾರಕ್ಕೆ ಮೂರು ದಿನ, ಬೆಳಗ್ಗೆ ಆರಕ್ಕೆ. ನಾವು ಆರೇ ಜನ, ಒಬ್ಬರು ಮರಾಠಿ ಕೋಚ್. ಬ್ಯಾಂಕಿನಿಂದ ನಿವೃತ್ತರಾದ 68ರ ಕಾಕಾ, ಹೋಟೆಲು ನಡೆಸುವ ಕುಂದಾಪುರದವರೊಬ್ಬರು, ಮಧುಮೇಹವಿರುವ ಗುಜರಾತಿ ಬೆಹೆನ್, ಹೆರಿಗೆಯಾಗಿ ವರ್ಷ ಕಳೆದ ಇಬ್ಬರು ಹುಡುಗಿಯರು, ನಾನು. ಒಂದು ಬಾರ್, ಕೆಲವು ಪ್ಲೇಟುಗಳು, ನಾಲ್ಕಾರು ಕೆಟಲ್‌ಬೆಲ್, ಎರಡು ಗಟ್ಟಿ ಬೆಂಚು. ಕನ್ನಡಿ ಇಲ್ಲ. ಕೋಚ್‌ನ ಕಣ್ಣೇ ಕನ್ನಡಿ.

ಮೊದಲ ಮೂರು ವಾರ ಅವರು ನನಗೆ ಭಾರವನ್ನೇ ಕೊಡಲಿಲ್ಲ. ಗೋಡೆಗೆ ಬೆನ್ನು ಮಾಡಿ ನಿಂತು, ಸೊಂಟವನ್ನು ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸುವುದು, ಮತ್ತೆ ನೆಟ್ಟಗಾಗುವುದು, ಇಷ್ಟೇ. 'ಪಾಠ್ ಸರಳ್! ಘಾಈ ನಕೋ!' ಬೆನ್ನು ನೆಟ್ಟಗಿರಲಿ, ಅವಸರ ಬೇಡ. ನೆಲದ ಮೇಲಿನದ್ದನ್ನು ಎತ್ತುವಾಗ ನಾನು ಬಾಗುತ್ತಿದ್ದುದು ನಡುಬೆನ್ನಿನಿಂದ, ಸೊಂಟದ ಕೀಲಿನಿಂದಲ್ಲ. ಅವ್ವನನ್ನು ಎತ್ತಲು ಹೋದ ದಿನ ಆದ ಎಡವಟ್ಟು ಇದೇ ಎಂದು ಆ ಗೋಡೆಯ ಎದುರು ಅರ್ಥವಾಯಿತು. ನಲವತ್ತು ಜನರ ತರಗತಿಯಲ್ಲಿ ಇದನ್ನು ಯಾರು ಗಮನಿಸುತ್ತಾರೆ? ಮೊಬೈಲಿನ ವಿಡಿಯೊ ತೋರಿಸಬಲ್ಲದು, ನೋಡಲಾರದು.

ಕೋಚ್‌ನ ಹತ್ತಿರ ಉದ್ದನೆಯ ಲೆಕ್ಕದ ಪುಸ್ತಕವಿದೆ. ಒಬ್ಬೊಬ್ಬರಿಗೂ ಒಂದು ಪುಟ: ತಾರೀಖು, ಕಿಲೊ, ಎಷ್ಟು ಸಲ. ಆರು ಜನರೂ ಮಾಡುವುದು ಅದೇ ಬಸ್ಕಿ, ಅದೇ ಡೆಡ್‌ಲಿಫ್ಟ್, ಭಾರ ಮಾತ್ರ ಅವರವರದು. ಕಾಕಾ ಬೆಂಚಿನ ಮೇಲೆ ಕುಳಿತು ಏಳುತ್ತಾರೆ, ಹುಡುಗಿಯರು ಬಾರ್ ಹೊರುತ್ತಾರೆ. ಹಿಂದಿನ ವಾರ ಸಲೀಸಾಗಿ ಆದದ್ದಕ್ಕೆ ಈ ವಾರ ಸ್ವಲ್ಪ ಸೇರುತ್ತದೆ. ಮೊದಲ ಒಂದೆರಡು ತಿಂಗಳಲ್ಲಿ ಬಲ ಬೇಗ ಏರುತ್ತದೆ. ಸ್ನಾಯು ಬೆಳೆದದ್ದಕ್ಕಲ್ಲ, ಇರುವ ಸ್ನಾಯುವನ್ನು ದುಡಿಸಿಕೊಳ್ಳಲು ನರಗಳು ಕಲಿತದ್ದಕ್ಕೆ. ಆಮೇಲಿನದ್ದು ನಿಧಾನದ ವ್ಯವಹಾರ, ರೆಕರಿಂಗ್ ಡಿಪಾಸಿಟ್ಟಿನ ಹಾಗೆ.

ಮೂವತ್ತು ದಾಟಿದ ಮೇಲೆ ದೇಹ ಪ್ರತಿ ದಶಕಕ್ಕೆ ಶೇ 3ರಿಂದ 8ರಷ್ಟು ಸ್ನಾಯುವನ್ನು ಕಳೆದುಕೊಳ್ಳುತ್ತ ಹೋಗುತ್ತದೆ, ವಯಸ್ಸಾದಂತೆ ಆ ವೇಗವೂ ಹೆಚ್ಚು. ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ದೊಡ್ಡ ಸ್ನಾಯುಗಳಿಗೂ ಕೆಲಸ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಡಿಗೆ ಇದಕ್ಕೆ ಬದಲಿಯಲ್ಲ, ಅದು ಬೇರೆಯೇ ಲೆಕ್ಕ. ನನಗೆ ಧೈರ್ಯ ಕೊಟ್ಟದ್ದು ಆಸ್ಟ್ರೇಲಿಯಾದ 'ಲಿಫ್ಟ್‌ಮೋರ್' ಅಧ್ಯಯನ. ಋತುಬಂಧವಾದ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಮಹಿಳೆಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪು 8 ತಿಂಗಳು, ವಾರಕ್ಕೆರಡು ಸಲ, ಅರ್ಧ ಗಂಟೆಯಂತೆ ತರಬೇತುದಾರರ ಕಣ್ಣೆದುರು ಭಾರ ಎತ್ತಿತು. ಇನ್ನೊಂದು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಎತ್ತಿದವರ ಕೆಳಬೆನ್ನಿನ ಮೂಳೆ ಸಾಂದ್ರತೆ ಶೇ 2.9 ಏರಿತ್ತು, ಉಳಿದವರದ್ದು ಶೇ 1.2 ಇಳಿದಿತ್ತು. ಕಣ್ಣೆದುರು ಎಂಬ ಮಾತನ್ನು ಮಾತ್ರ ಮರೆಯಬೇಡಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು. ಉಸಿರು ಬಿಗಿಹಿಡಿದು ಎತ್ತಿದರೆ ಒತ್ತಡ ಜರ್ರನೆ ಏರುತ್ತದೆ. ಬೆಹೆನ್‌ಗೆ ಕೋಚ್ ಪ್ರತಿ ಸಲವೂ 'ಶ್ವಾಸ್ ಸೋಡಾ' ಎನ್ನುವುದು ಅದಕ್ಕೇ.

ಹಾಗೆ ನೋಡಿದರೆ ಇದು ಹೊಸದೇನಲ್ಲ. ಗಿರಣಗಾಂವ್‌ನ ಚಾಳುಗಳ ನಡುವೆ ಗಿರಣಿ ಕಾರ್ಮಿಕರ ವ್ಯಾಯಾಮಶಾಲೆಗಳಿದ್ದವು. ದಾದರಿನ ಶಿವಾಜಿ ಪಾರ್ಕಿನಲ್ಲಿ ಸಮರ್ಥ ವ್ಯಾಯಾಮ ಮಂದಿರ ಇಂದಿಗೂ ಮಲ್ಲಕಂಬ ಕಲಿಸುತ್ತಿದೆ. ಅಲ್ಲಿ ಹುಡುಗಿಯರಿಗೂ ದೃಷ್ಟಿದೋಷವುಳ್ಳ ಮಕ್ಕಳಿಗೂ ಕಲಿಸಿದ ಉದಯ ದೇಶಪಾಂಡೆ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ನಮ್ಮಲ್ಲಿ 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಗರಡಿ ಮನೆಯಲ್ಲೂ ಅಷ್ಟೇ, ಬೆರಳೆಣಿಕೆಯ ಹುಡುಗರು, ಅವರನ್ನು ಬಿಡದೆ ನೋಡುವ ಒಬ್ಬ ಉಸ್ತಾದ್.

ಆದರೆ ಗರಡಿಯ ಬಾಗಿಲು ನಮಗೆ ತೆರೆದಿರಲಿಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಭಾರ ಎತ್ತುವ ಸ್ಪರ್ಧೆ ನಡೆದಾಗ ನಾವು ಹುಡುಗಿಯರು ದೂರ ನಿಂತು ನೋಡಿದವರು. ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಬರುತ್ತಿದ್ದ ಅವ್ವನಿಗೆ ಯಾರೂ ಸೀಟಿ ಹೊಡೆಯಲಿಲ್ಲ. ಮನೆಗೆ ನಲ್ಲಿ ಬಂತು, ಕೊಡ ಹೋಯಿತು, ಬಲವೂ ಹೋಯಿತು. ಕೊಡ ಮರಳಿ ಬರಲಿ ಎಂದು ನಾನೇನೂ ಹೇಳುತ್ತಿಲ್ಲ, ಅದು ಕುತ್ತಿಗೆ ಮುರಿಯುವ ದುಡಿಮೆ.

ಗುಂಪಿನ ಇನ್ನೊಂದು ಲಾಭ ಹೇಳಲೇಬೇಕು. ಒಂದು ದಿನ ತಪ್ಪಿಸಿದರೆ ಏಳು ಗಂಟೆಗೆಲ್ಲ ಕಾಕಾ ಅವರ ಮೆಸೇಜು: 'ಆಜ್ ಕಾ ನಾಹಿ ಆಲಾತ್?' ಕಳೆದ ಮಳೆಗಾಲದಲ್ಲಿ ಲೋಕಲ್‌ಗಳು ನಿಂತ ದಿನವೂ ಆರಕ್ಕೆ ಐದು ಜನ ಇದ್ದೆವು. ಖರ್ಚೂ ಹಂಚಿಹೋಗುತ್ತದೆ. ಒಬ್ಬಳಿಗೇ ಕೋಚ್ ಇಟ್ಟುಕೊಳ್ಳುವುದು ನನ್ನ ಸಂಬಳಕ್ಕೆ ನಿಲುಕುತ್ತಿರಲಿಲ್ಲ. ತೊಂದರೆಯೂ ಇಲ್ಲದಿಲ್ಲ: ಕೋಚ್‌ಗೆ ಜ್ವರ ಬಂದರೆ ಎಲ್ಲರಿಗೂ ರಜೆ. ಜೊತೆಗೆ, ಕುಂದಾಪುರದವರು ಎತ್ತಿದ್ದನ್ನು ನಾನೂ ಎತ್ತುತ್ತೇನೆಂದು ಒಮ್ಮೆ ಹಟಕ್ಕೆ ಬಿದ್ದು ಒಂದು ವಾರ ಭುಜ ನೋಯಿಸಿಕೊಂಡೆ. ತಪ್ಪು ನನ್ನದೇ.

ಅವ್ವ ಈಗ ಡೊಂಬಿವಲಿಯಲ್ಲೇ ಇದ್ದಾಳೆ. ಅವಳನ್ನು ಎತ್ತಬೇಕೆಂದೇ ಬಲ ಬೆಳೆಸಲು ಹೊರಟವಳು ನಾನು. 'ಎತ್ತಬೇಡಿ, ಅವರೇ ಏಳುವಂತೆ ಮಾಡಿ' ಎಂದರು ಫಿಸಿಯೊಥೆರಪಿಸ್ಟ್. ಎತ್ತರದ ಕುರ್ಚಿ, ಮುಂದೆ ಹಿಡಿಯಲು ಮೇಜು. ಮೊದಲು ದಿನಕ್ಕೆ ಮೂರು ಸಲ ಎದ್ದಳು, ಈಗ ಎರಡು ಕಂತಿನಲ್ಲಿ ಹತ್ತು ಹತ್ತು.

ಮೊನ್ನೆ ಬಾರಿನ ಎರಡೂ ಬದಿಗೆ ಪ್ಲೇಟು ಸೇರಿಸಿ ಒಟ್ಟು 47.5 ಕಿಲೊ ಎತ್ತಿದೆ. ಮನೆಗೆ ಬಂದವಳೇ, 'ಅವ್ವಾ, ಇವತ್ತ ನಿನ್ನಷ್ಟ ಭಾರ ಎತ್ತಿನಿ' ಎಂದೆ.

'ಸುಳ್ಳ ಹೇಳಬ್ಯಾಡ. ನಾ ಈಗ 49 ಕಿಲೊ ಅದೀನಿ' ಎಂದಳು. ಒಳಗೆ ಹಾಲು ಉಕ್ಕುವ ಸದ್ದು. ಮೇಜಿಗೆ ಕೈ ಊರದೆ ಎದ್ದು ಅಡುಗೆಮನೆಗೆ ಹೋದಳು.