ತಂತಿ ಬಂತು!

ಒಂದು ಕಾಲವಿತ್ತು. ನಂದಿಬೆಟ್ಟದ ಆಸುಪಾಸಿನ ಯಾವುದಾದರೂ ಹಳ್ಳಿಯ ಬೀದಿಯಲ್ಲಿ ಖಾಕಿ ತೊಟ್ಟ ಜವಾನನ ಸೈಕಲ್ಲು ಹೊತ್ತಲ್ಲದ ಹೊತ್ತಿನಲ್ಲಿ ಕಾಣಿಸಿಕೊಂಡರೆ ಸಾಕು, ಜಗಲಿಯ ಮೇಲಿನ ಮಾತು ಥಟ್ಟನೆ ನಿಲ್ಲುತ್ತಿತ್ತು. “ತಂತಿ ಬಂತು” ಎಂಬ ಎರಡು ಪದಗಳು ಮನೆಯಿಂದ ಮನೆಗೆ ಹಾರುತ್ತಿದ್ದವು. ಲಕೋಟೆಯನ್ನು ಒಡೆಯುವ ಮೊದಲೇ ಒಳಮನೆಯಲ್ಲಿ ಅಳು ಹೊರಡುವುದೂ ಉಂಟು. ಕಾಗದದೊಳಗೆ ಇದ್ದುದು ಮಗಳಿಗೆ ಸುಖಪ್ರಸವವಾದ ವಾರ್ತೆಯೇ ಆಗಿರಬಹುದು, ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದ ವಾರ್ತೆಯೇ ಆಗಿರಬಹುದು. ಆದರೆ ಅದನ್ನು ಓದಿಸಿ ತಿಳಿಯುವವರೆಗೆ ಎದೆಯ ಬಡಿತ ನಿಲ್ಲುತ್ತಿರಲಿಲ್ಲ.

ಆ ತಂತಿ ಈಗಿಲ್ಲ. 2013ರ ಜುಲೈ ತಿಂಗಳಲ್ಲಿ ಭಾರತದ ಸಾರ್ವಜನಿಕ ತಂತಿಸೇವೆ ಕೊನೆಗೊಂಡಿತು. ವಸ್ತು ಹೋಯಿತು, ಹೆಸರು ಉಳಿಯಿತು. ಆ ಹೆಸರಿನ ಕಥೆ ಸ್ವಾರಸ್ಯವಾದುದು.

ವೀಣೆಯಿಂದ ಕಂಬಕ್ಕೆ

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು. ಅವರು ಜನಿಸಿದ್ದು ಸೆಪ್ಟೆಂಬರ್ 15ರಂದು. ವರ್ಷ 1861 ಎಂದು ಅನೇಕ ಗ್ರಂಥಗಳು ಹೇಳುತ್ತವೆ. ಆದರೆ ಅಂಚೆ ಮತ್ತು ತಂತಿ ಇಲಾಖೆಯು ಅವರ ಶತಮಾನೋತ್ಸವದ ಅಂಚೆಚೀಟಿಯನ್ನು 1960ರಲ್ಲಿಯೇ ಹೊರತಂದಿತು. ಲೆಕ್ಕ ಯಾವುದಾದರೂ ಇರಲಿ, ಆ ಮಗು ಹುಟ್ಟಿದಾಗ ಭಾರತದ ತಂತಿಗೂ ಎಳೆಯ ಪ್ರಾಯವೇ. ಕಲ್ಕತ್ತೆಯಲ್ಲಿ ವೈದ್ಯರೂ ರಸಾಯನಶಾಸ್ತ್ರದ ಅಧ್ಯಾಪಕರೂ ಆಗಿದ್ದ ವಿಲಿಯಂ ಓ’ಶಾನೆಸ್ಸಿ 1839ರಲ್ಲಿ ತಂತಿಯ ಪ್ರಯೋಗ ನಡೆಸಿದ್ದರು. ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ 1851ರಲ್ಲಿ ಮಾರ್ಗ ಸಿದ್ಧವಾಯಿತು. 1855ರಲ್ಲಿ ಸಾರ್ವಜನಿಕರೂ ಹಣ ತೆತ್ತು ಸುದ್ದಿ ಕಳುಹಿಸುವಂತಾಯಿತು.

ಈ ಹೊಸ ಸೋಜಿಗಕ್ಕೆ ಹೆಸರಿಡಲು ಯಾವ ಪಂಡಿತಸಭೆಯೂ ಸೇರಲಿಲ್ಲ. ವಿದ್ಯುತ್ತು ಕಣ್ಣಿಗೆ ಕಾಣದು, ಸುದ್ದಿಯೂ ಕಾಣದು. ಕಂಬದಿಂದ ಕಂಬಕ್ಕೆ ಬಿಗಿದ ಲೋಹದ ಎಳೆ ಮಾತ್ರ ಕಾಣುತ್ತಿತ್ತು. ಅಂಥ ಎಳೆಗೆ ಕನ್ನಡಿಗನ ಬಾಯಲ್ಲಿ ಆಗಲೇ ಹೆಸರಿತ್ತು. ಸಂಸ್ಕೃತದ ‘ತಂತ್ರೀ’ಯಿಂದ ಬಂದು ವೀಣೆಯ ಮೇಲೆ ನೆಲೆಸಿದ್ದ ‘ತಂತಿ’ ಮರದ ಕಂಬವನ್ನೇರಿತು. ಮೊದಲು ಎಳೆಯ ಹೆಸರಾಗಿದ್ದುದು ಬರಬರುತ್ತ ಸುದ್ದಿಯ ಹೆಸರಾಯಿತು, ಸುದ್ದಿಯನ್ನು ತಂದ ಕಾಗದದ ಹೆಸರೂ ಆಯಿತು. ‘ತಂತಿ ಕೊಟ್ಟರು’, ‘ತಂತಿ ಹೊಡೆದರು’, ‘ತಂತಿ ಒಡೆದು ನೋಡಿದರು’ ಎನ್ನುವಾಗ ಯಾರಿಗೂ ಲೋಹದ ನೆನಪೇ ಬರುತ್ತಿರಲಿಲ್ಲ.

ಕನ್ನಡದ ಜೊತೆಗೆ ತೆಲುಗೂ ಮನೆಮಾತಾಗಿರುವ ಚಿಕ್ಕಬಳ್ಳಾಪುರದ ಸೀಮೆಗೆ ಇದೊಂದು ಅನುಕೂಲವೇ ಸರಿ. ಒಂದು ಮನೆಯಲ್ಲಿ ‘ತಂತಿ ಬಂತು’ ಎಂದರೆ ಪಕ್ಕದ ಮನೆಯಲ್ಲಿ ‘ತಂತಿ ವಚ್ಚಿಂದಿ’. ತಮಿಳರಿಗೂ ಅದು ತಂದಿಯೇ. 1942ರಲ್ಲಿ ಮಧುರೆಯಲ್ಲಿ ಆರಂಭವಾದ ತಮಿಳು ದಿನಪತ್ರಿಕೆಯೊಂದು ಈ ಪದವನ್ನೇ ತನ್ನ ಹೆಸರಾಗಿಸಿಕೊಂಡಿತು. ‘ದಿನತ್ತಂದಿ’ ಇಂದಿಗೂ ಮನೆಮನೆಗೆ ಬರುತ್ತಿದೆ. ಮಲೆಯಾಳಿಗಳು ಮಾತ್ರ ಬೇರೆ ದಾರಿ ಹಿಡಿದು ‘ಕಂಬಿ’ ಎಂದರು. ಕನ್ನಡಿಗನಿಗೆ ಕಂಬಿಯೆಂದರೆ ರೈಲಿನದು, ಇಲ್ಲವೇ ಸೆರೆಮನೆಯದು. ‘ಕಂಬಿ ಬಂತು’ ಎಂದರೆ ಆತ ಬೆಚ್ಚಿಬೀಳದಿದ್ದರೆ ಆಶ್ಚರ್ಯ!

ಹಂಸವೂ ವೀಣೆಯೂ

ಮೈಸೂರು ಸೀಮೆಯಲ್ಲಿ ತಂತಿ ಬರುವುದಕ್ಕೆ ಬಹಳ ಹಿಂದೆಯೇ ‘ಅಂಚೆ’ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಟಪಾಲಿನೊಡನೆ ಸೇರಿಹೋಯಿತು. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ದಮಯಂತಿಯ ಬಳಿಗೆ ನಳನ ಸಂದೇಶವನ್ನು ಒಯ್ದ ಹಕ್ಕಿಯೇ ಟಪಾಲಿಗೆ ಹೆಸರಾಯಿತೆಂಬ ನಂಬಿಕೆ ಅನೇಕರಲ್ಲಿದೆ. ಅದು ನಿಜವಾದರೆ ‘ಅಂಚೆ ಮತ್ತು ತಂತಿ’ ಎಂಬ ಫಲಕ ತೂಗುತ್ತಿದ್ದ ಸರ್ಕಾರಿ ಕಚೇರಿಯ ಬಾಗಿಲಲ್ಲಿ ಹಂಸವೂ ವೀಣೆಯೂ ಕೂಡಿದ್ದವೆಂದಾಯಿತು. ಎರಡೂ ಸರಸ್ವತಿಗೆ ಸೇರಿದವು!

ಮುದ್ದೇನಹಳ್ಳಿಯಿಂದ ಜಪಾನಿಗೆ

ಮುದ್ದೇನಹಳ್ಳಿಯ ಆ ಬಾಲಕ ಬೆಳೆದು ಇಂಜಿನಿಯರಾಗಿ ನಡೆದ ದಾರಿಯನ್ನೇ ಹಿಡಿದು ಹೊರಟರೆ ತಂತಿಯ ಹೆಸರುಗಳೂ ಒಂದೊಂದಾಗಿ ಎದುರಾಗುತ್ತವೆ. 1884ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ಆ ಸೀಮೆಯ ಮರಾಠಿಗರಿಗೆ ತಂತಿ ಎಂದರೆ ‘ತಾರ’. ಹಿಂದಿ, ಗುಜರಾತಿ, ಉರ್ದು ಭಾಷೆಗಳಲ್ಲಿಯೂ ಅದೇ. ಮುಂಬಯಿ ಆಡಳಿತದಲ್ಲಿದ್ದ ಉತ್ತರದ ಕನ್ನಡ ಜಿಲ್ಲೆಗಳಲ್ಲಿಯೂ ‘ತಾರು’ ಬಳಕೆಗೆ ಬಂದಿತು. ಹೀಗೆ 1956ರಲ್ಲಿ ನಾಡು ಒಂದಾದಾಗ ಧಾರವಾಡದ ತಾರೂ ಮೈಸೂರಿನ ತಂತಿಯೂ ಒಂದೇ ಸೂರಿನಡಿ ಬಂದವು.

1906ರಲ್ಲಿ ವಿಶ್ವೇಶ್ವರಯ್ಯನವರು ನೀರು ಸರಬರಾಜಿನ ವಿಷಯವಾಗಿ ಏಡನ್ನಿಗೆ ಹೋದರು. ಅದು ಅರಬ್ಬೀ ಮಾತಿನ ನಾಡು. ಅರಬ್ಬರು ನೋಡಿದ್ದು ಎಳೆಯನ್ನಲ್ಲ, ಅದರೊಳಗಿನ ಮಿಂಚನ್ನು. ‘ಬರ್ಕ್’ ಎಂದರೆ ಮಿಂಚು, ತಂತಿಸುದ್ದಿ ‘ಬರ್ಕಿಯ್ಯ’. ಅದಕ್ಕೂ ಮೊದಲು, 1898ರಲ್ಲಿ, ಅವರು ಜಪಾನನ್ನು ನೋಡಿ ಬಂದಿದ್ದರು. ಅಲ್ಲಿ ಅದು ‘ದೆಂಪೋ’, ಚೀನದಲ್ಲಿ ‘ದಿಯೆನ್‌ಬಾವ್’. ಬರೆಯುವ ಅಕ್ಷರಗಳು ಮೂಲತಃ ಒಂದೇ. ಮೊದಲನೆಯದು ಮಿಂಚಿನದು, ಎರಡನೆಯದು ವರದಿಯದು. ನೆರೆಯ ಸಿಂಹಳೀಯರೂ ಮಿಂಚನ್ನೇ ಹಿಡಿದು ‘ವಿದುಲಿ’ಯ ಸುದ್ದಿ ಎಂದರು.

ದೂರದ ಬರಹ

ಇಷ್ಟಕ್ಕೂ ಮೂಲದ ‘ಟೆಲಿಗ್ರಾಫ್’ ಪದದಲ್ಲಿ ತಂತಿಯೂ ಇಲ್ಲ, ಮಿಂಚೂ ಇಲ್ಲ. ಅದು ಹುಟ್ಟಿದ್ದು ವಿದ್ಯುತ್ತಿನ ತಂತಿಗಿಂತ ಮೊದಲೇ. 1790ರ ದಶಕದಲ್ಲಿ ಫ್ರಾನ್ಸಿನ ಕ್ಲಾಡ್ ಶಾಪ್ ಎಂಬಾತ ಎತ್ತರದ ಗೋಪುರಗಳ ಮೇಲೆ ಮರದ ತೋಳುಗಳನ್ನು ನಿಲ್ಲಿಸಿ, ಅವುಗಳ ಭಂಗಿಯಿಂದ ಸಂಜ್ಞೆ ಕಳುಹಿಸುವ ಏರ್ಪಾಡು ಮಾಡಿದ. ಅದನ್ನು ‘ಶೀಘ್ರಲೇಖಕ’ ಎಂಬ ಅರ್ಥದ ಗ್ರೀಕ್ ಪದದಿಂದ ಕರೆಯಬೇಕೆಂದು ಆತನ ಆಸೆ. ಮಿಯೋ ಎಂಬ ಅಧಿಕಾರಿ ‘ದೂರಲೇಖಕ’ ಎಂಬ ಅರ್ಥ ಕೊಡುವ ಟೆಲಿಗ್ರಾಫ್ ಪದವನ್ನು ಸೂಚಿಸಿದ. ಮುಂದೆ ವಿದ್ಯುತ್ತು ಬಂದಾಗ ಹಳೆಯ ಹೆಸರೇ ಹೊಸ ಯಂತ್ರಕ್ಕೆ ಅಂಟಿಕೊಂಡಿತು. ‘ಟೆಲಿಗ್ರಾಮ್’ ಪದವನ್ನು 1852ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಸೂಚಿಸಿದಾಗ, ಇದು ಗ್ರೀಕ್ ವ್ಯಾಕರಣಕ್ಕೆ ವಿರುದ್ಧವೆಂದು ವಿದ್ವಾಂಸರು ಆಕ್ಷೇಪಿಸಿದರು. ಜನ ಕೇಳಲಿಲ್ಲ.

ಎಲ್ಲ ದೇಶಗಳೂ ಗ್ರೀಕ್ ಪದವನ್ನು ಹಾಗೆಯೇ ಒಪ್ಪಲಿಲ್ಲ. ಹಂಗೇರಿಯವರು ಅದನ್ನು ತಮ್ಮ ಮಾತಿಗೆ ತಿರುಗಿಸಿ ‘ದೂರಬರಹ’ ಎಂದರು. ಕ್ರೊಯೇಷಿಯದವರ ಪದಕ್ಕೆ ‘ಬೇಗಸುದ್ದಿ’ ಎಂಬ ಅರ್ಥ. ಫಿನ್‌ಲೆಂಡಿನವರದಕ್ಕೆ ‘ಹಾರಿಸುವ ಯಂತ್ರ’ ಎಂದು. ಎಲ್ಲಕ್ಕಿಂತ ಬೆರಗುಗೊಳಿಸುವುದು ಸಯಾಮಿನ ‘ತೋರಲೇಕ್’. ಅದು ನಮ್ಮ ‘ದೂರ’ ಮತ್ತು ‘ಲೇಖ’ವೇ! ನಮ್ಮಲ್ಲಿ ಜನರ ನಾಲಗೆಗೆ ಹತ್ತದ ಸಂಸ್ಕೃತ ಸಮಾಸ ಅಲ್ಲಿ ಪೇಟೆಬೀದಿಯ ಮಾತಾಯಿತು. ಹಾಗೆಂದು ಕನ್ನಡನಾಡು ಇಂಥ ಪದಗಳಿಗೆ ಬಾಗಿಲು ಮುಚ್ಚಿಲ್ಲ. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಮುಂದೆ ಭಾರತದ ಬಾನುಲಿಗೆಲ್ಲ ಅದೇ ಹೆಸರು.

ಹೆಸರು ನಮ್ಮದು, ಮಾತು?

ತಂತಿಯ ಹೆಸರೇನೋ ಅಚ್ಚಕನ್ನಡದಂತೆ ಬೆರೆತುಹೋಯಿತು. ಒಳಗಿನ ಮಾತು ಹಾಗಾಗಲಿಲ್ಲ. ಮೋರ್ಸ್‌ನ ಕಟ್ಟುಕಡ ಸಂಜ್ಞೆಗಳು ರೋಮನ್ ಅಕ್ಷರಗಳಿಗೆ ಹೊಂದಿಸಿದವು. ಪದಕ್ಕಿಷ್ಟು ಎಂದು ದರ. ಆದ್ದರಿಂದ ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯಟ್ಲಿ’ ಎಂಬ ನಾಲ್ಕು ಇಂಗ್ಲಿಷ್ ಪದಗಳಲ್ಲಿ ಒಂದು ಸಂಸಾರದ ಸಂಕಟವೆಲ್ಲ ಅಡಗಬೇಕಾಗಿತ್ತು. ಕಾಗದವನ್ನು ಕೈಯಲ್ಲಿ ಹಿಡಿದ ರೈತ ಅದನ್ನು ಓದಬಲ್ಲ ಮೇಷ್ಟರನ್ನೋ ಶಾನುಭೋಗರನ್ನೋ ಹುಡುಕಿಕೊಂಡು ಹೊರಡುತ್ತಿದ್ದ. ನೂರಾರು ಮೈಲಿಯನ್ನು ಕ್ಷಣದಲ್ಲಿ ದಾಟಿದ ಸುದ್ದಿಗೆ ಕೊನೆಯ ಅರ್ಧ ಮೈಲಿಯೇ ದೂರವಾಗುತ್ತಿತ್ತು. ತನ್ನ ತಂದೆಯ ಸಾವನ್ನು ಮಗ ಪರರ ಬಾಯಿಂದ, ಪರರ ಜಗಲಿಯಲ್ಲಿ ನಿಂತು ತಿಳಿಯಬೇಕಾಗುತ್ತಿತ್ತು. ‘ತಂತಿ ಬಂತು’ ಎಂಬ ಕನ್ನಡದ ಹಿಂದಿದ್ದ ಭಯದಲ್ಲಿ ಈ ಅಸಹಾಯಕತೆಯ ಪಾಲೂ ಇತ್ತೆಂಬುದನ್ನು ಮರೆಯುವಂತಿಲ್ಲ.

ಉಳಿದ ಎಳೆ

1985ರಲ್ಲಿ ಅಂಚೆ ಮತ್ತು ತಂತಿ ಇಲಾಖೆ ಎರಡಾಯಿತು. ಹಂಸ ಉಳಿಯಿತು, ವೀಣೆಯ ಎಳೆ 2013ರಲ್ಲಿ ಮೌನವಾಯಿತು. ಐಸ್‌ಲೆಂಡಿನ ಜನ ದಾರವೆಂಬ ಅರ್ಥದ ತಮ್ಮ ಪುರಾತನ ಪದವೊಂದನ್ನು ಎಬ್ಬಿಸಿ ‘ಸೀಮಿ’ ಎಂದು ಹೆಸರಿಟ್ಟರು. ಪೂರ್ವ ಆಫ್ರಿಕದ ಸ್ವಾಹಿಲಿ ಜನ, ತಂತಿಯೆಂಬ ಅರ್ಥದ ಪಾರಸಿ ಪದದಿಂದ ‘ಸಿಮು’ ಎಂದರು. ಒಂದಕ್ಕೊಂದು ನಂಟಿಲ್ಲದ ಈ ಎರಡು ಪದಗಳೂ ಇಂದು ಎಳೆಯೇ ಇಲ್ಲದ ಕೈದೂರವಾಣಿಗೆ ಹೆಸರಾಗಿವೆ. ಕನ್ನಡವೂ ಎಳೆಯನ್ನು ಪೂರ್ತಿ ಕಡಿದುಕೊಂಡಿಲ್ಲ. ‘ನಿಸ್ತಂತು’ ಎನ್ನುವಾಗ, ತಂತು ಇಲ್ಲವೆಂದು ಹೇಳುವುದಕ್ಕಾದರೂ ತಂತುವನ್ನು ನೆನೆಯಬೇಕು.

ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಸುದ್ದಿ ಇಂದು ಕನ್ನಡದ ಅಕ್ಷರಗಳಲ್ಲಿಯೇ, ಓದುವವನ ಅಂಗೈಗೇ ಬರುತ್ತದೆ, ಮೇಷ್ಟರನ್ನು ಹುಡುಕಬೇಕಾಗಿಲ್ಲ. ಆದರೂ ಅಪರಾತ್ರಿಯಲ್ಲಿ ಗಂಟೆ ಮೊಳಗಿದರೆ ಹಳೆಯ ತಲೆಮಾರಿನವರ ಎದೆ ಇಂದಿಗೂ ಒಮ್ಮೆ ಝಲ್ಲೆನ್ನುತ್ತದೆ. ಕಂಬದ ಮೇಲಿನ ತಂತಿ ಹೋದರೂ ಒಳಗಿನ ತಂತಿ ಮಿಡಿಯುವುದನ್ನು ಬಿಟ್ಟಿಲ್ಲ.