ಮಗ್ಗಿ ತಪ್ಪಿದ ಚಿಪ್

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಆಕಾಶದತ್ತ ಮುಖ ಮಾಡಿ ನಿಂತ ಭಾರಿ ಆಂಟೆನಾಗಳು ಹೊಸದಲ್ಲ. ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಇಲ್ಲಿದೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ಆದೇಶ ಹೋಗುವುದು ಇಲ್ಲಿಂದ. ಅಲ್ಲಿ ಏನಾದರೂ ಕೆಟ್ಟರೆ ಬಿಚ್ಚಿ ಬದಲಿಸುವಂತಿಲ್ಲ. 1982ರ ಏಪ್ರಿಲ್‌ನಲ್ಲಿ ಮೇಲೇರಿದ ಇನ್ಸಾಟ್-1ಎ, ಇಂಧನ ತೀರಿ ಸೆಪ್ಟೆಂಬರ್‌ನಲ್ಲೇ ನಿರುಪಯುಕ್ತವಾಯಿತು.

ಬಳಸುತ್ತ ಕೆಡುವುದು ಒಂದು ಬಗೆ. ಹುಟ್ಟುವಾಗಲೇ ತಪ್ಪು ಕಲಿತು ಬರುವುದು ಇನ್ನೊಂದು. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಚಿಪ್‌ಗಳಲ್ಲಿ ಈ ಎರಡನೆಯದು ಹೆಚ್ಚು ಅಪಾಯಕಾರಿ. ಚಿಪ್ ನಿಲ್ಲುವುದಿಲ್ಲ, ಧೈರ್ಯವಾಗಿ ತಪ್ಪು ಉತ್ತರ ಕೊಡುತ್ತದೆ.

ಇಂಟೆಲ್ ಕಂಪನಿಯ ಕೆಲವು 80386 ಚಿಪ್‌ಗಳು ದೊಡ್ಡ ಸಂಖ್ಯೆಗಳ ಗುಣಾಕಾರದಲ್ಲಿ ತಪ್ಪುವುದು 1987ರಲ್ಲಿ ಗೊತ್ತಾಯಿತು. ಪರೀಕ್ಷೆಯಲ್ಲಿ ಗೆದ್ದವಕ್ಕೆ ಎರಡು 'ಸಿಗ್ಮಾ' ಗುರುತು ಬಿತ್ತು. ಸೋತವನ್ನು ಕಂಪನಿ ಎಸೆಯಲಿಲ್ಲ. '16 ಬಿಟ್ ತಂತ್ರಾಂಶಕ್ಕೆ ಮಾತ್ರ' ಎಂದು ಮುದ್ರಿಸಿ ಮಾರಿತು. ಹೇಳಿ ಮಾರಿದ್ದು ಮೆಚ್ಚತಕ್ಕದ್ದೇ.

1994ರಲ್ಲಿ ಪೆಂಟಿಯಂ ವಿಷಯದಲ್ಲಿ ಹಾಗಾಗಲಿಲ್ಲ. ಭಾಗಾಕಾರ ಮಾಡುವಾಗ ನಾವು ಮಗ್ಗಿ ನೆನೆದು 'ಎಷ್ಟು ಸಲ ಹೋಗುತ್ತದೆ' ಎಂದು ಊಹಿಸುವುದಿಲ್ಲವೆ? ಪೆಂಟಿಯಂ ಕೂಡ ಒಂದು ಕೋಷ್ಟಕ ನೋಡಿಯೇ ಭಾಗಿಸುತ್ತಿತ್ತು. ಅದರಲ್ಲಿ ತುಂಬಬೇಕಿದ್ದ 1,066 ಮನೆಗಳ ಪೈಕಿ ಲೆಕ್ಕ ಕೆಡಿಸುವಂಥ ಐದು ಖಾಲಿ ಉಳಿದಿದ್ದವು. ಮಗ್ಗಿ ಪುಸ್ತಕದಲ್ಲಿ ಐದು ಸಾಲು ಅಚ್ಚಾಗದ ಹಾಗೆ! 41,95,835ನ್ನು 31,45,727ರಿಂದ ಭಾಗಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿದರೆ ಮೊದಲಿನ ಸಂಖ್ಯೆಯೇ ಬರಬೇಕು. ಈ ಚಿಪ್‌ನಲ್ಲಿ 256 ಕಡಿಮೆ ಬರುತ್ತಿತ್ತು.

ದೋಷ ಕಂಪನಿಗೆ ಮೊದಲೇ ಗೊತ್ತಿತ್ತು, ಸುಮ್ಮನಿತ್ತು. ಅವಿಭಾಜ್ಯ ಸಂಖ್ಯೆಗಳ ಬೆನ್ನು ಹತ್ತಿದ್ದ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಲೆಕ್ಕ ತಾಳೆಯಾಗದೆ ತಲೆ ಕೆಡಿಸಿಕೊಂಡು, ಅಕ್ಟೋಬರ್‌ನಲ್ಲಿ ಅದನ್ನು ಬಯಲಿಗೆಳೆದರು. ಸಾಮಾನ್ಯ ಬಳಕೆದಾರನಿಗೆ ಇದು 27 ಸಾವಿರ ವರ್ಷಕ್ಕೊಮ್ಮೆ ಎದುರಾದೀತು ಎಂದಿತು ಇಂಟೆಲ್. 24 ದಿನಕ್ಕೊಮ್ಮೆ ಎಂದಿತು ಐಬಿಎಂ. ಎಂಥ ಅಂತರ! ಕೊನೆಗೆ ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಚಿಪ್ ಬದಲಿಸಿಕೊಡುವುದಾಗಿ ಇಂಟೆಲ್ ಒಪ್ಪಿತು. ತೆತ್ತದ್ದು 47.5 ಕೋಟಿ ಡಾಲರ್.

ಹಾಸನದ ಆಂಟೆನಾಗಳು ಮಾತಾಡಿಸುವ ಚಿಪ್‌ಗಳನ್ನು ಹೀಗೆ ವಾಪಸು ಕರೆಸುವಂತಿಲ್ಲ. ಜೊತೆಗೆ ಅಲ್ಲಿ ವಿಶ್ವಕಿರಣಗಳ ಕಾಟ ಬೇರೆ. ಒಂದು ಕಣ ಬಡಿದರೆ ಮೆಮೊರಿಯಲ್ಲಿ ಸೊನ್ನೆ ಇದ್ದದ್ದು ಒಂದಾಗಬಹುದು. ಇದಕ್ಕೆ ಮದ್ದನ್ನು ರಿಚರ್ಡ್ ಹ್ಯಾಮಿಂಗ್ 1950ರಲ್ಲೇ ಪ್ರಕಟಿಸಿದ್ದರು. ಎಂಟು ಅಂಕಿಗಳ ಜೊತೆ ನಾಲ್ಕು ಕಾವಲು ಅಂಕಿಗಳನ್ನಿಟ್ಟರೆ, ಯಾವುದೇ ಒಂದು ತಪ್ಪಿದರೂ ಯಂತ್ರವೇ ಪತ್ತೆ ಹಚ್ಚಿ ತಿದ್ದಿಕೊಳ್ಳುತ್ತದೆ.

ಆದರೆ ತಪ್ಪು ಮಗ್ಗಿಗೆ ಈ ಮದ್ದು ನಾಟದು. ಅದಕ್ಕೇ ಬಾಹ್ಯಾಕಾಶದವರು ನೆಲದ ಮೇಲೆ ವರ್ಷಗಟ್ಟಲೆ ದುಡಿದು ಪಳಗಿದ ಚಿಪ್‌ಗಳನ್ನೇ ನೆಚ್ಚುತ್ತಾರೆ. ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಬಹುದಾಗಿದ್ದ ಹಬಲ್ ದೂರದರ್ಶಕಕ್ಕೂ 1999ರ ಡಿಸೆಂಬರ್‌ನಲ್ಲಿ ಕೂರಿಸಿದ್ದು ಹಳೆಯ 486 ಚಿಪ್. ಅಂಗಡಿಗಳಲ್ಲಿ ಆಗ ಪೆಂಟಿಯಂ-3 ಮಾರಾಟವಾಗುತ್ತಿತ್ತು.