ಫುಲ್‌ಹ್ಯಾಮಿನಲ್ಲಿ ರಮಾಬಾಯಿ ಕಂಡದ್ದು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಸಭೆಯ ಹೆಂಗಸರು ಪ್ರಾರ್ಥನೆಗೆ ಸೇರಿದಾಗ ಅನಾಥರ ಮಾತು, ರೋಗಿಗಳ ಮಾತು ಸಲೀಸಾಗಿ ಬರುತ್ತದೆ. ದಂಧೆಗೆ ಬಿದ್ದ ಹೆಂಗಸರ ಮಾತೆತ್ತಿದರೆ "ಅದೆಲ್ಲ ನಮಗ್ಯಾಕ್ ಸಿಸ್ಟರ್" ಎಂದು ಯಾರಾದರೊಬ್ಬರು ಹಾಡಿನ ಪುಸ್ತಕ ತೆರೆಯುತ್ತಾರೆ. ನಾನು ನರ್ಸಾಗಿ ನಿವೃತ್ತಳಾದವಳು, ಇಂದಿಗೂ ಎಲ್ಲರಿಗೂ ಸಿಸ್ಟರೇ. ಆಗೆಲ್ಲ ನಾನು ಪಂಡಿತಾ ರಮಾಬಾಯಿಯ ಕತೆ ಹೇಳುತ್ತೇನೆ.

ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಹತ್ತಿರದ ಮಾಳದವರು. ಚಿಕ್ಕ ವಯಸ್ಸಿಗೇ ವಿಧವೆಯಾದ ರಮಾಬಾಯಿ ಪುಟ್ಟ ಮಗಳನ್ನು ಕರೆದುಕೊಂಡು 1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಊರಿನ ಕ್ರೈಸ್ತ ಸನ್ಯಾಸಿನಿಯರಾದ ಸಿಸ್ಟರುಗಳು ಅವರನ್ನು ಲಂಡನ್ನಿನ ಫುಲ್‌ಹ್ಯಾಮಿಗೆ ಕಳಿಸಿದರು. ಅಲ್ಲಿ ದಂಧೆಯಿಂದ ಹೊರಬಂದ ಹೆಂಗಸರೇ ರೋಗಿಗಳ ಆರೈಕೆಗೆ ನಿಂತಿದ್ದರು. ಶಾಸ್ತ್ರಗಳನ್ನೆಲ್ಲ ಓದಿದ್ದ ರಮಾಬಾಯಿಗೆ ಅಂಥವರನ್ನು ಎತ್ತಿ ನಿಲ್ಲಿಸಬಹುದೆಂಬುದೇ ಹೊಸ ಸಂಗತಿ. ಕಾರಣ ಕೇಳಿದಾಗ ಒಬ್ಬ ಸಿಸ್ಟರು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ಓದಿ ತೋರಿಸಿದರು: ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗ. ಆ ವರ್ಷದ ಕೊನೆಯ ಭಾಗದಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಭಾರತಕ್ಕೆ ಮರಳಿದ ಅವರು 1897ರ ಬರದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋದಾಗ, ಹಸಿದ ಹುಡುಗಿಯರ ಸುತ್ತ ಕೆಟ್ಟ ಜನ ಹೊಂಚು ಹಾಕುತ್ತಿದ್ದರು. ನೂರಾರು ಹೆಣ್ಣುಮಕ್ಕಳನ್ನು ರಮಾಬಾಯಿ ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. ಮೋಸಕ್ಕೆ ಸಿಕ್ಕಿ ಕೆಟ್ಟ ಹೆಸರು ಹೊತ್ತವರಿಗೆ ಅಲ್ಲೇ 'ಕೃಪಾ ಸದನ' ಇತ್ತು. ಮುಕ್ತಿಯ ಹೆಂಗಸರು ನೇಯ್ದರು, ತೋಟ ಮಾಡಿದರು, ಅಚ್ಚುಕೂಟ ನಡೆಸಿದರು.

ಇಂಥ ಹೆಂಗಸರಿಗೆ ನೆಲೆ ಕೊಡಲೆಂದೇ ಫ್ರಾನ್ಸಿನಲ್ಲಿ ಹುಟ್ಟಿದ ಗುಡ್ ಶೆಪರ್ಡ್ ಸಿಸ್ಟರುಗಳು 1854ರಲ್ಲೇ ಬೆಂಗಳೂರಿಗೆ ಬಂದಿದ್ದರು. ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದವರೂ ಅವರೇ. ಐರ್ಲೆಂಡಿನಲ್ಲಿ ಅವರೂ ಬೇರೆ ಸಿಸ್ಟರುಗಳೂ ನಡೆಸಿದ ಆಶ್ರಮಗಳಲ್ಲಿ ಮಾತ್ರ ಹೆಂಗಸರನ್ನು ಕೂಡಿಹಾಕಿ, ಕೂಲಿ ಕೊಡದೆ ಬಟ್ಟೆ ಒಗೆಸಿದರು. ಅದಕ್ಕಾಗಿ 2013ರಲ್ಲಿ ಆ ದೇಶದ ಪ್ರಧಾನಿ ಕ್ಷಮೆ ಕೇಳಬೇಕಾಯಿತು. ಕ್ರೈಸ್ತರಾದ ನಾವು ಇದನ್ನು ಮುಚ್ಚಿಡಬಾರದು.

ಈ ಸಂಕಟ ನಮಗೆ ದೂರದ್ದೂ ಅಲ್ಲ. 2018ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುತ್ತಿದ್ದರು. ಹಾಗೆ ದೇವರ ಹೆಸರಲ್ಲಿ ಬಿಟ್ಟ ಬಡ ದಲಿತ ಹುಡುಗಿಯರಲ್ಲಿ ಎಷ್ಟೋ ಮಂದಿ ನಮ್ಮ ನಾಡಿನಿಂದ ಮುಂಬೈಯ ಕಾಮಾಟಿಪುರಕ್ಕೆ, ಗೋವಾದ ಬೈನಾಕ್ಕೆ ಹೋದರು. ಮುತ್ತು ಕಟ್ಟುವುದನ್ನು ನಿಷೇಧಿಸಿ 1982ರಲ್ಲೇ ಕಾಯ್ದೆಯಾಯಿತು. ಆಮೇಲಿನ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಲೆಕ್ಕಕ್ಕೆ ಸಿಕ್ಕ ದೇವದಾಸಿಯರು 46,660.

ಹರಿಹರದಿಂದ ಆಸ್ಪತ್ರೆಗೆ ಗುಳಿಗೆಗೆಂದು ಬರುತ್ತಿದ್ದ ಇಂಥ ಒಬ್ಬಾಕೆ ನನ್ನನ್ನು ಮೊದಲು ಕೇಳಿದ್ದು ಮಗನ ಶಾಲೆಯ ಅರ್ಜಿಯ ಬಗ್ಗೆ. "ಅಪ್ಪನ ಹೆಸರು ಅಂತ ಐತಲ್ರೀ ಸಿಸ್ಟರ್, ಅಲ್ಲಿ ಏನ್ ಬರಸ್ಲಿ?" ಆಮೇಲೆ ಬಾಡಿಗೆ ಮನೆ, ರೇಷನ್ ಕಾರ್ಡು. ಪ್ರಾರ್ಥನೆಗೆ ಬಂದರೆ ಹೊಲಿಗೆ ಯಂತ್ರ ಕೊಡುತ್ತೇವೆ ಅಂದುಬಿಟ್ಟರೆ ಅವರ ಬದುಕಿನಲ್ಲಿ ಅದೂ ಇನ್ನೊಂದು ವ್ಯಾಪಾರ. ಬಾವಿಯ ಬಳಿ ಯೇಸು ಉಪದೇಶಕ್ಕೆ ಮೊದಲು ಆ ಹೆಂಗಸನ್ನು ಕುಡಿಯಲು ನೀರು ಕೇಳಿದ. ಆಕೆಯಿಂದ ತನಗೆ ಆಗಬೇಕಾದದ್ದು ಇದೆ ಎಂದು ತೋರಿಸಿದ.

ಯಾವ ಗುಳಿಗೆಗೆ ತಲೆ ಸುತ್ತುತ್ತದೆ, ಯಾವ ದಲ್ಲಾಳಿ ಮತ್ತೆ ಬಾಗಿಲು ಬಡಿಯುತ್ತಾನೆ ಎಂಬುದು ಅದನ್ನು ದಾಟಿ ಬಂದವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಹೊಸಬಳ ಪಕ್ಕ ಆಸ್ಪತ್ರೆಯಲ್ಲಿ ಕೂರಬೇಕಾದವಳೂ ಅವಳೇ. ಅಂಥವಳನ್ನು ಸಭೆಯ ಮುಂದೆ ನಿಲ್ಲಿಸಿ ಸಾಕ್ಷಿ ಹೇಳಿಸುವುದು ಬೇಡ, ಕೆಲಸ ಕೊಟ್ಟು ಸಂಬಳ ಕೊಡೋಣ. ಈ ವರ್ಷದ ಬಜೆಟ್ಟಿನಲ್ಲಿ ಇಬ್ಬರ ಸಂಬಳಕ್ಕೆ ಹಣ ತೆಗೆದಿಡಿ ಎಂದು ಸಭೆಯ ಹಿರಿಯರಿಗೆ ಬರೆದುಕೊಟ್ಟಿದ್ದೇನೆ.